‘ಬರೀ 4ಸಿ’ ಅಂತ ಬರೆದಿರುವ ದಾರಿಗೆ ಎಲ್ಲರೂ ಯಾಕೆ ಹೆದರುತ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯವಳು, ವಯಸ್ಸು 31. ಐದು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿ ಕೆಲಸ. ಇಲ್ಲಿಗೆ ಬಂದ ಮೇಲೆ ಒಳಾಂಗಣ ಗೋಡೆಯಲ್ಲಿ ಬಂಡೆ ಹತ್ತುವುದನ್ನು (ಕ್ಲೈಂಬಿಂಗ್) ಕಲಿತೆ. ಈಗ 6ಬಿ ಗ್ರೇಡಿನ, ಅಂದರೆ ಅಷ್ಟು ಕಷ್ಟದ, ದಾರಿಗಳನ್ನು ಲೀಡ್ ಮಾಡುತ್ತೇನೆ, ಹಗ್ಗ ಕಟ್ಟಿಕೊಂಡು ಮೊದಲು ನಾನೇ ಹತ್ತುತ್ತೇನೆ. ರಜೆಗೆ ಊರಿಗೆ ಬಂದಾಗ ಎರಡು ಸಲ ಬಾದಾಮಿಯಲ್ಲಿ ಹತ್ತಿದ್ದೇನೆ, ಅಲ್ಲಿ ಏನೂ ಭಯ ಆಗಲಿಲ್ಲ. ಒಂದು ಸಲ ಸಾವನದುರ್ಗಕ್ಕೆ ಹೋದಾಗ ಮಾತ್ರ ಎರಡನೇ ಪಿಚ್‌ನಲ್ಲಿ (ಒಂದು ಹಗ್ಗದಳತೆಯೊಳಗೆ ಹತ್ತುವ ಹಂತ) ಕಾಲು ನಡುಗೋಕೆ ಶುರುವಾಗಿ, ಇಪ್ಪತ್ತು ನಿಮಿಷ ಒಂದೇ ಕಡೆ ನಿಂತುಬಿಟ್ಟೆ. ದಾರಿ ಸುಲಭದ್ದೇ ಇತ್ತು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆ ಆಗುತ್ತದೆ. ಈಗ ಇಲ್ಲಿನ ಇಬ್ಬರು ಗೆಳೆಯರು ಅಕ್ಟೋಬರ್‌ನಲ್ಲಿ ವೇಲ್ಸ್‌ನ ಗೋಗಾರ್ತ್‌ಗೆ ಹೋಗಿ ‘ಎ ಡ್ರೀಮ್ ಆಫ್ ವೈಟ್ ಹಾರ್ಸಸ್’ ಹತ್ತೋಣ ಅನ್ನುತ್ತಿದ್ದಾರೆ. ನಾನು ಸೆಕೆಂಡ್ ಆಗಿ, ಅಂದರೆ ಲೀಡ್ ಮಾಡಿದವರ ಹಿಂದೆ, ಬಂದರೆ ಸಾಕಂತೆ. ಗ್ರೇಡ್ ನೋಡಿದರೆ ಬರೀ 4ಸಿ. ಆದರೆ ಕೇಳಿದವರೆಲ್ಲ ‘ಜೀವ ಬಾಯಿಗೆ ಬರುತ್ತೆ’ ಅನ್ನುತ್ತಾರೆ. ಹಗ್ಗ ಇಲ್ಲದೆ ಹತ್ತುವವರ ವಿಡಿಯೋ ಕಳಿಸಿ, ‘ಇವರನ್ನು ನೋಡು, ನೀನು ಹಗ್ಗ ಕಟ್ಟಿಕೊಂಡೂ ಹೆದರ್ತೀಯಾ’ ಅಂತ ತಮ್ಮ ಕೇಳುತ್ತಾನೆ. ನನ್ನ ಭಯ ಬರೀ ಮನಸ್ಸಿನದಾ? ಇಲ್ಲ ನಿಜವಾಗಿ ಅಪಾಯ ಇದೆಯಾ? ಹೋಗಲಾ, ಬೇಡವಾ? ಹೋಗುವುದಾದರೆ ಅಮ್ಮನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿದ ತಕ್ಷಣ ನನ್ನ ಕಣ್ಣು ನಿಂತಿದ್ದು ಸಾವನದುರ್ಗದ ಆ ಇಪ್ಪತ್ತು ನಿಮಿಷದ ಮೇಲೆ. ವೇಲ್ಸ್‌ನ ದಾರಿಗಿಂತ ಜಾಸ್ತಿ ನಿಮ್ಮನ್ನು ಕಾಡುತ್ತಿರುವುದು ಅದೇ ಅನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಈ ದಾರಿ ಎಷ್ಟು ಹೆದರಿಸುತ್ತದೆ ಅನ್ನುವುದು ಒಂದು. ಈ ದಾರಿ ಎಷ್ಟು ಅಪಾಯದ್ದು ಅನ್ನುವುದು ಇನ್ನೊಂದು. ರಾಮನಗರ, ಸಾವನದುರ್ಗ, ಬಾದಾಮಿಗಳಲ್ಲಿ ಇಪ್ಪತ್ತಾರು ವರ್ಷ ಹತ್ತಿ, ಹತ್ತಿಸಿದ ಮೇಲೆ ಹೇಳುತ್ತಿದ್ದೇನೆ, ಇವೆರಡು ಒಂದೇ ಅಲ್ಲ. ನಿಮ್ಮ ತಮ್ಮನೂ ನಿಮ್ಮ ಗೆಳೆಯರೂ ಇವೆರಡನ್ನೂ ಒಂದೇ ಮಾಡಿ ಮಾತಾಡುತ್ತಿದ್ದಾರೆ. ಅದಕ್ಕೇ ನಿಮಗೆ ಗೊಂದಲ.

ಮೊದಲು ಆ ‘ಬರೀ 4ಸಿ’ ವಿಷಯ ಮುಗಿಸೋಣ. ಒಳಾಂಗಣ ಗೋಡೆಯಲ್ಲಿ ನೀವು ನೋಡುವ 6ಬಿ ಫ್ರೆಂಚ್ ಗ್ರೇಡ್. ಗೋಗಾರ್ತ್‌ನ ಪುಸ್ತಕದಲ್ಲಿರುವ 4ಸಿ ಬ್ರಿಟಿಷ್ ತಾಂತ್ರಿಕ ಗ್ರೇಡ್. ಎರಡಕ್ಕೂ ಒಂದೇ ಅಂಕಿ, ಒಂದೇ ಅಕ್ಷರ. ಲೆಕ್ಕ ಮಾತ್ರ ಬೇರೆ. ಬ್ರಿಟಿಷ್ 4ಸಿ ಅಂದರೆ ಫ್ರೆಂಚ್ 4ಸಿಗಿಂತ ಕಷ್ಟದ್ದು. ಆದರೂ 6ಬಿ ಲೀಡ್ ಮಾಡುವವರ ಕೈಗೆ ಅದು ಭಾರವಲ್ಲ. ಇಲ್ಲಿಯವರೆಗೆ ನಿಮ್ಮ ಗೆಳೆಯರು ಹೇಳಿದ್ದು ಸರಿ.

ಆದರೆ ಬ್ರಿಟನ್‌ನಲ್ಲಿ ಗ್ರೇಡ್‌ಗೆ ಎರಡು ಭಾಗ ಇರುತ್ತದೆ. ಈ ದಾರಿಯದು ‘ಎಚ್‌ವಿಎಸ್ 4ಸಿ’. ಹಿಂದಿನ 4ಸಿ ಹೇಳುವುದು ಅತಿ ಕಷ್ಟದ ಒಂದೇ ಒಂದು ಹೆಜ್ಜೆ ಎಷ್ಟು ಕಷ್ಟ ಅನ್ನುವುದನ್ನು. ಮುಂದಿನ ಎಚ್‌ವಿಎಸ್ ಹೇಳುವುದು ಇಡೀ ದಾರಿಯ ತೂಕವನ್ನು. ದಣಿವು ಎಷ್ಟು, ಗೇರ್ (ಬಿದ್ದರೆ ಹಗ್ಗ ಹಿಡಿಯಲಿ ಅಂತ ಬಂಡೆಗೆ ಸಿಕ್ಕಿಸುವ ಸಾಮಾನು) ಹಾಕೋಕೆ ಜಾಗ ಸಿಗುತ್ತದಾ, ಬಿದ್ದರೆ ಏನಾಗುತ್ತದೆ, ವಾಪಸ್ ಬರೋಕೆ ಆಗುತ್ತದಾ, ಎಲ್ಲವೂ ಅದರಲ್ಲಿ ಸೇರಿದೆ. ಈ ಸಾಲಿನಲ್ಲಿ ವಿಎಸ್‌ಗಿಂತ ಎಚ್‌ವಿಎಸ್ ಗಂಭೀರ, ಅದರ ಮೇಲೆ ಇ1, ಇ2 ಅಂತ ಅಂಕಿ ಏರುತ್ತಾ ಹೋಗುತ್ತದೆ. ಸಾಮಾನ್ಯವಾಗಿ ವಿಎಸ್ ಜೊತೆಗೆ 4ಸಿ ಬರುತ್ತದೆ, ಎಚ್‌ವಿಎಸ್ ಜೊತೆಗೆ 5ಎ, ಇ1 ಜೊತೆಗೆ 5ಬಿ. ಈ ಜೋಡಿ ತಪ್ಪಿದಾಗ ಎಚ್ಚರವಾಗಬೇಕು. ಎಚ್‌ವಿಎಸ್ ಪಕ್ಕ 5ಎ ಬದಲು 4ಸಿ ಬರೆದಿದ್ದಾರೆ ಅಂದರೆ ಅರ್ಥ ಇಷ್ಟೇ: ಹೆಜ್ಜೆಗಳು ಸುಲಭ, ಸನ್ನಿವೇಶ ಸುಲಭವಲ್ಲ. ‘ಬರೀ 4ಸಿ’ ಅಂತ ನೀವು ಸಮಾಧಾನ ಪಟ್ಟುಕೊಂಡಿರಲ್ಲ, ನಿಜಕ್ಕೂ ಆ 4ಸಿಯೇ ಎಚ್ಚರಿಕೆ.

ಇದೇ ಲೆಕ್ಕದ ಇನ್ನೊಂದು ತುದಿ ನೋಡಬೇಕಾದರೆ ಅದೂ ವೇಲ್ಸ್‌ನಲ್ಲೇ ಇದೆ. ಸ್ನೋಡನ್ ಬೆಟ್ಟದ ಮಗ್ಗುಲಲ್ಲಿ ಕ್ಲೊಗ್ವಿನ್ ದೀರ್ ಆರ್ದಿ ಅನ್ನುವ ಕಪ್ಪು ಬಂಡೆ ಇದೆ, ಹತ್ತುವವರು ಕ್ಲಾಗಿ ಅನ್ನುತ್ತಾರೆ. ಅದರ ಮೇಲೆ ‘ದಿ ಇಂಡಿಯನ್ ಫೇಸ್’ ಅನ್ನುವ ದಾರಿ. 1986ರಲ್ಲಿ ಜಾನಿ ಡಾಸ್ ಅದನ್ನು ಮೊದಲು ಹತ್ತಿದರು. ಗ್ರೇಡ್ ಇ9 6ಸಿ. 6ಸಿ ಹೆಜ್ಜೆ ಹಾಕಬಲ್ಲವರು ಆಗಲೂ ಇದ್ದರು, ಈಗಂತೂ ಬೇಕಾದಷ್ಟು ಜನ ಇದ್ದಾರೆ. ಆದರೂ ಎಂಟು ವರ್ಷ, ಅಂದರೆ 1994ರಲ್ಲಿ ನಿಕ್ ಡಿಕ್ಸನ್ ಹತ್ತುವವರೆಗೆ, ಎರಡನೆಯವರು ಯಾರೂ ಅದನ್ನು ಹತ್ತಲಿಲ್ಲ. ಯಾಕೆಂದರೆ ಅಲ್ಲಿ ಹಾಕಬಹುದಾದ ಗೇರ್ ಕಿರುಬೆರಳ ಉಗುರಿಗಿಂತ ಸಣ್ಣ ನಟ್‌ಗಳು, ಅಂದರೆ ಬಂಡೆಯ ಸೀಳಿಗೆ ಸಿಕ್ಕಿಸುವ ಲೋಹದ ಚೂರುಗಳು. ಬಿದ್ದರೆ ಅವು ಹಿಡಿಯುತ್ತವೆ ಅಂತ ಯಾರೂ ನಂಬುವುದಿಲ್ಲ. ಮೇಲಿನ ಭಾಗದಲ್ಲಿ ಕಾಲು ಜಾರಿತು ಅಂದರೆ ನೆಲಕ್ಕೇ. ಅಲ್ಲಿ ಹುಟ್ಟುವ ಭಯಕ್ಕೂ ಅಪಾಯಕ್ಕೂ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆ ಭಯ ನೂರಕ್ಕೆ ನೂರು ನಿಜ.

ಅಮೆರಿಕದ ಯೊಸೆಮಿಟಿ ಉದ್ಯಾನದ ಮೇಲ್ಭಾಗ, ಟುವಾಲಮಿಯಲ್ಲಿ ‘ಬಾಕರ್–ಯೇರಿಯನ್’ ಅಂತ ಇನ್ನೊಂದಿದೆ. 1981ರಲ್ಲಿ ಜಾನ್ ಬಾಕರ್ ಮತ್ತು ಡೇವ್ ಯೇರಿಯನ್ ಹತ್ತಿದ್ದು. ಸುಮಾರು 150 ಮೀಟರ್ ಎತ್ತರದ ನೆಟ್ಟಗಿನ ಗೋಡೆಗೆ ಬರೀ 13 ಬೋಲ್ಟ್ (ಹಗ್ಗ ಸಿಕ್ಕಿಸೋಕೆ ಬಂಡೆಗೆ ತೂತು ಕೊರೆದು ಹಾಕುವ ಮೊಳೆ). ಬಾಕರ್ ಕೆಳಗಿಂದ ಹತ್ತುತ್ತಾ, ಬಂಡೆಯ ಗುಬುಟುಗಳಿಗೆ ಸಣ್ಣ ಕೊಕ್ಕೆ ಸಿಕ್ಕಿಸಿ, ಅದರ ಮೇಲೆ ತೂಗಾಡುತ್ತಾ ಕೈಯಲ್ಲೇ ತೂತು ಕೊರೆದರು. ಕೊಕ್ಕೆ ನಿಲ್ಲುವ ಕಡೆ ಮಾತ್ರ ಬೋಲ್ಟ್ ಬಂತು, ಮಿಕ್ಕ ಕಡೆ ಖಾಲಿ. ಇಲ್ಲಿ ಬಿದ್ದವರೆಲ್ಲ ಸಾಯುವುದಿಲ್ಲ. ಆದರೆ ಬೀಳುವ ದೂರ ಮಾತ್ರ ಬಹಳ ಜಾಸ್ತಿ.

ಈಗ ಇದಕ್ಕೆ ಪೂರ್ತಿ ತಿರುವು ಮುರುವಾದ ಉದಾಹರಣೆ. ನಾರ್ವೆಯ ಫ್ಲಾಟಾಂಗರ್‌ನ ಗುಹೆಯಲ್ಲಿ 2017ರಲ್ಲಿ ಆಡಮ್ ಒಂಡ್ರಾ ‘ಸೈಲೆನ್ಸ್’ ಹತ್ತಿ ಮುಗಿಸಿದರು. ಅದಕ್ಕೆ ಅವರು ಕೊಟ್ಟ ಗ್ರೇಡ್ 9ಸಿ. ಅಷ್ಟು ದೊಡ್ಡ ಗ್ರೇಡ್ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ. ಒಂಡ್ರಾ ಅಲ್ಲಿ ಎಷ್ಟು ಸಲ ಬಿದ್ದರೋ ಲೆಕ್ಕವಿಲ್ಲ. ಪ್ರತಿ ಸಲವೂ ಬೋಲ್ಟ್ ಹಿಡಿಯಿತು, ಕೆಳಗೆ ಗಾಳಿ ಬಿಟ್ಟರೆ ಬಡಿಯೋಕೆ ಏನೂ ಇರಲಿಲ್ಲ. ಅಷ್ಟು ಕಷ್ಟದ ದಾರಿ, ಆದರೆ ಅಪಾಯ ಕಡಿಮೆ. ಕಷ್ಟ, ಭಯ, ಅಪಾಯ ಮೂರನ್ನೂ ಮೂರು ಬೇರೆ ಬೇರೆ ಅಳತೆಗೋಲು ಅಂತ ಇಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಬೇಕಾದ್ದು ಕೊನೆಯದು.

ಈಗ ನಿಮ್ಮ ದಾರಿಗೇ ಬರೋಣ. ನಾನು ಅದನ್ನು ಒಂದು ಸಲ, ನಿಮ್ಮ ಹಾಗೇ ಸೆಕೆಂಡ್ ಆಗಿ ಹತ್ತಿದ್ದೇನೆ. ಹೋಲಿಹೆಡ್ ಊರಿನ ಆಚೆ, ಸಮುದ್ರದ ಅಂಚಿನಲ್ಲಿ ವೆನ್ ಝಾನ್ ಅಂತ ಜಾಗ. ಝಾನ್ ಅಂದರೆ ಸಮುದ್ರ ಬಂಡೆಯನ್ನು ಕೊರೆದು ಮಾಡಿದ ಕಿರಿದಾದ ಕಂದರ. ಅದರ ಒಂದು ಮಗ್ಗುಲಿಗೆ ಬೆಳ್ಳಗಿನ, ವಾಲಿದ ದೊಡ್ಡ ಹಲಗೆಯಂಥ ಕಲ್ಲು, ಅದೇ ವೆನ್ ಸ್ಲ್ಯಾಬ್. 1968ರ ಅಕ್ಟೋಬರ್‌ನಲ್ಲಿ ಎಡ್ ಡ್ರಮಂಡ್ ಮತ್ತು ಡೇವ್ ಪಿಯರ್ಸ್ ಇದರ ಮೇಲೆ ಬಲದಿಂದ ಎಡಕ್ಕೆ ಅಡ್ಡಡ್ಡ ಹಾದು ಈ ದಾರಿ ಮಾಡಿದರು. ಅಲೆಯ ತುದಿಯ ಬಿಳಿ ನೊರೆಗೆ ಅಲ್ಲಿನವರು ಬಿಳಿ ಕುದುರೆ ಅನ್ನುತ್ತಾರೆ. ದಾರಿಯ ಹೆಸರಿನಲ್ಲಿರುವುದು ಅವೇ ಕುದುರೆಗಳು. ಬಂಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಹೆಸರು ಎಷ್ಟು ಸರಿ ಅನ್ನುವುದು ಗೊತ್ತಾಗುತ್ತದೆ.

ಇಲ್ಲಿ ಮೊದಲು ಕೆಳಗೆ ಇಳಿಯಬೇಕು, ಆಮೇಲೆ ಹತ್ತಬೇಕು. ನಮ್ಮ ಬೆಟ್ಟಗಳಲ್ಲಿ ಬುಡದಲ್ಲಿ ನಿಂತು ತಲೆ ಎತ್ತಿ ನೋಡುತ್ತೇವೆ. ಬೇಡ ಅನ್ನಿಸಿದರೆ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಬರಬಹುದು. ಅಲ್ಲಿ ಹಗ್ಗದ ಮೇಲೆ ರ್‍ಯಾಪಲ್ ಮಾಡಿ ಅಲೆಗಳ ಹತ್ತಿರಕ್ಕೆ ಇಳಿದು, ಹಗ್ಗವನ್ನು ಎಳೆದುಕೊಂಡರೆ ಮುಗಿಯಿತು. ಹಿಂದೆ ಸಮುದ್ರ, ಮೇಲೆ ಬಂಡೆ. ಮೇಲಕ್ಕೆ ಹತ್ತುವುದೇ ಹೊರಗೆ ಬರುವ ದಾರಿ. ಇದು ಮನಸ್ಸಿನ ಮೇಲೆ ಮಾಡುವ ಕೆಲಸ ಸಣ್ಣದಲ್ಲ. ಇನ್ನೊಂದು, ಸದ್ದು. ಕಂದರದೊಳಗೆ ಅಲೆ ನುಗ್ಗಿ ಬಡಿಯುವ ಸದ್ದು ಎದೆಗೇ ಬಡಿದ ಹಾಗೆ ಆಗುತ್ತದೆ. ಮೂರನೆಯದು ಕಾಲ ಕೆಳಗಿನ ಖಾಲಿ. ಹತ್ತುವವರು ಇದಕ್ಕೆ ಎಕ್ಸ್‌ಪೋಷರ್ ಅನ್ನುತ್ತಾರೆ. ಕೊನೆಯ ಪಿಚ್‌ನಲ್ಲಿ ಸ್ಲ್ಯಾಬ್ ಬಿಟ್ಟು ಕಂದರದ ಹಿಂಗೋಡೆಯ ಮೇಲೆ ಅಡ್ಡ ಹೋಗುತ್ತೀರಿ. ಕೈಗೆ ಒಳ್ಳೇ ದಪ್ಪ ಹಿಡಿಗಳು, ಕಾಲಿಗೂ ಜಾಗ. ಆದರೆ ಪಾದದ ಕೆಳಗೆ ಬಂಡೆಯೇ ಒಳಕ್ಕೆ ಸರಿದುಬಿಟ್ಟಿರುತ್ತದೆ. ನೇರವಾಗಿ ನೀರು ಕಾಣುತ್ತದೆ.

ಹೇಳಿ, ಇದರಲ್ಲಿ ಅಪಾಯ ಎಷ್ಟು? ಸದ್ದು ಯಾರನ್ನೂ ಬೀಳಿಸುವುದಿಲ್ಲ. ಕೆಳಗೆ 20 ಮೀಟರ್ ಖಾಲಿ ಇದ್ದರೂ 80 ಮೀಟರ್ ಖಾಲಿ ಇದ್ದರೂ ನಿಮ್ಮನ್ನು ಹಿಡಿಯುವುದು ಅದೇ ಹಗ್ಗ. ನೆಲ ದೂರ ಇದ್ದಷ್ಟೂ ಹಗ್ಗ ಹಿಗ್ಗೋಕೆ ಜಾಗ ಸಿಗುತ್ತದೆ, ಬಡಿಯೋಕೆ ಏನೂ ಇರುವುದಿಲ್ಲ. ಎಷ್ಟೋ ಅಪಘಾತ ಆಗುವುದು ನೆಲದ ಹತ್ತಿರ, ಯಾರೂ ಹೆದರದ ಜಾಗದಲ್ಲಿ, ಮೊದಲ ಎರಡು ಬೋಲ್ಟ್‌ಗಳ ನಡುವೆ. ಇದನ್ನು ನನ್ನ ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ. ಅಂದರೆ ನೀವು ಕೇಳಿದವರೆಲ್ಲ ‘ಜೀವ ಬಾಯಿಗೆ ಬರುತ್ತೆ’ ಅನ್ನುವುದಕ್ಕೆ ಕಾರಣವಾದ ಸಂಗತಿಗಳಲ್ಲಿ ಮುಕ್ಕಾಲು ಪಾಲು ಕಣ್ಣಿಗೆ, ಕಿವಿಗೆ ಸಂಬಂಧಪಟ್ಟವು.

ಹಾಗಂತ ಉಳಿದ ಕಾಲು ಪಾಲನ್ನು ಬಿಟ್ಟುಬಿಡೋಕೆ ಆಗಲ್ಲ. ಅದರ ಬಗ್ಗೆ ಯಾರೂ ನಿಮಗೆ ಹೇಳಿದಂತಿಲ್ಲ. ‘ಸೆಕೆಂಡ್ ಆಗಿ ಬಂದರೆ ಸಾಕು’ ಅಂದರಂತೆ. ಈ ಮಾತು ನನಗೆ ಅಷ್ಟು ಹಿಡಿಸಲಿಲ್ಲ.

ನೆಟ್ಟಗೆ ಮೇಲಕ್ಕೆ ಹೋಗುವ ದಾರಿಯಲ್ಲಿ ಸೆಕೆಂಡ್‌ಗೆ ಹಗ್ಗ ತಲೆಯ ಮೇಲಿಂದ ಬರುತ್ತದೆ. ಕಾಲು ಜಾರಿದರೆ ಸ್ವಲ್ಪ ಕೆಳಗೆ ಹೋಗಿ ನಿಲ್ಲುತ್ತಾರೆ. ಅಡ್ಡ ಹೋಗುವ ದಾರಿಯಲ್ಲಿ ಹಗ್ಗ ಪಕ್ಕದಿಂದ ಬರುತ್ತದೆ. ನೀವು ಒಂದು ಗೇರನ್ನು ಬಿಚ್ಚಿಕೊಂಡ ಮೇಲೆ, ಮುಂದಿನ ಗೇರ್ ಐದು ಮೀಟರ್ ಪಕ್ಕಕ್ಕಿದೆ ಅಂತಿಟ್ಟುಕೊಳ್ಳಿ. ಆಗ ಜಾರಿದರೆ ಗಡಿಯಾರದ ಲೋಲಕದ ಹಾಗೆ ತೂಗಿಕೊಂಡು ಹೋಗುತ್ತೀರಿ. ಐದು ಮೀಟರ್ ಹಗ್ಗ ಅಡ್ಡ ಇದ್ದರೆ, ತೂಗಿ ಕೆಳಗೆ ಬರುವ ಹೊತ್ತಿಗೆ ನಿಮ್ಮ ವೇಗ ಐದು ಮೀಟರ್ ನೇರವಾಗಿ ಬಿದ್ದಾಗ ಇರುವಷ್ಟೇ. ಗಂಟೆಗೆ ಸುಮಾರು 35 ಕಿಲೋಮೀಟರ್. ದಾರಿಯಲ್ಲಿ ಬಂಡೆಯ ಮೂಲೆ ಇದ್ದರೆ ಅದೇ ವೇಗದಲ್ಲಿ ಮಗ್ಗುಲು ಹೋಗಿ ಬಡಿಯುತ್ತದೆ. ಅಡ್ಡ ದಾರಿಯಲ್ಲಿ ಲೀಡ್ ಮಾಡುವವರ ಅಪಾಯವೂ ಸೆಕೆಂಡ್‌ನ ಅಪಾಯವೂ ಹತ್ತಿರ ಹತ್ತಿರ ಒಂದೇ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ನನ್ನ ಮೊದಲ ವರ್ಷಗಳಲ್ಲಿ ರಾಮನಗರದಲ್ಲಿ ಒಂದು ಅಡ್ಡ ದಾರಿ ಲೀಡ್ ಮಾಡಿದೆ. ಕಷ್ಟದ ಹೆಜ್ಜೆಗೆ ಮುಂಚೆ ಗೇರ್ ಹಾಕಿದೆ, ಅದು ನನಗೆ ಬೇಕಿತ್ತು. ಕಷ್ಟದ ಹೆಜ್ಜೆ ದಾಟಿದ ಮೇಲೆ ಸುಲಭ ಇತ್ತು, ಹಾಗಾಗಿ ಏನೂ ಹಾಕದೆ ಮುಂದೆ ಹೋದೆ. ಹಿಂದೆ ಬಂದ ಹುಡುಗ ಗೇರ್ ಬಿಚ್ಚಿ, ಕಷ್ಟದ ಹೆಜ್ಜೆ ಇಟ್ಟು, ಜಾರಿದ. ಏಳೆಂಟು ಮೀಟರ್ ತೂಗಿಕೊಂಡು ಹೋಗಿ ಮೊಣಕೈ ಮುರಿದುಕೊಂಡ. ಹಗ್ಗ ಹಿಡಿದಿತ್ತು, ಬಿಲೇ (ಜೊತೆಯವರು ಹಗ್ಗ ಹಿಡಿದು ಕಾಯುವುದು) ಸರಿಯಾಗಿತ್ತು. ತಪ್ಪು ನನ್ನದು. ಅವನ ಕಣ್ಣಿನಿಂದ ಆ ದಾರಿಯನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಇವತ್ತಿಗೂ ಯಾರಿಗೇ ಲೀಡ್ ಕಲಿಸಿದರೂ ಮೊದಲು ಹೇಳುವುದು ಇದನ್ನೇ: ಅಡ್ಡ ಹೋಗುವಾಗ ಕಷ್ಟದ ಹೆಜ್ಜೆ ದಾಟಿದ ಮೇಲೆ ಹಾಕುವ ಗೇರ್ ಹಿಂದೆ ಬರುವವರದು.

ಆದ್ದರಿಂದ ನಿಮ್ಮ ಲೀಡರ್‌ನನ್ನು ಒಂದು ಪ್ರಶ್ನೆ ಕೇಳಿ. ‘ಕೊನೆಯ ಪಿಚ್‌ನಲ್ಲಿ ನನಗೋಸ್ಕರ ಗೇರ್ ಎಲ್ಲೆಲ್ಲಿ ಹಾಕ್ತೀಯ?’ ತಡಬಡಾಯಿಸದೆ ಉತ್ತರ ಬಂದರೆ ಒಳ್ಳೇದು. ‘ಅಯ್ಯೋ, ಅದು ಸುಲಭ, ಯೋಚ್ನೆ ಮಾಡ್ಬೇಡ’ ಅಂದರೆ ಅವರ ಹಿಂದೆ ಹೋಗಬೇಡಿ. ಅವರು ಎಷ್ಟೇ ಒಳ್ಳೆಯ ಗೆಳೆಯರಾಗಿರಲಿ.

ಎರಡನೇ ನಿಜವಾದ ಅಪಾಯ, ತೂಗಿಬಿದ್ದ ಮೇಲೆ ಏನು ಅನ್ನುವುದು. ಕೊನೆಯ ಪಿಚ್‌ನಲ್ಲಿ ಜಾರಿದರೆ ನೀವು ಬಂಡೆಗೆ ಕೈ ಎಟುಕದ ಹಾಗೆ ಗಾಳಿಯಲ್ಲಿ ನೇತಾಡಬಹುದು. ಮೇಲಿರುವವರು ನಿಮ್ಮನ್ನು ಸುಮ್ನೆ ಎಳೆದುಕೊಳ್ಳೋಕೆ ಆಗಲ್ಲ. ಆಗ ಹಗ್ಗಕ್ಕೆ ಪ್ರೂಸಿಕ್ ಗಂಟು ಸುತ್ತಿ, ಅದರ ಮೇಲೆ ನಿಂತು ನಿಂತು, ಹಗ್ಗವನ್ನೇ ಹತ್ತಿ ಬರಬೇಕು. ಒಳಾಂಗಣ ಗೋಡೆಯಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಬೇಕಾಗುವುದೂ ಇಲ್ಲ. ನೀವು ಈ ಗಂಟನ್ನು ನೆಲದ ಮೇಲೆ ಕಟ್ಟಿ ನೋಡಿದ್ದರೆ ಸಾಲದು. ಗಾಳಿಯಲ್ಲಿ ತೂಗಾಡುತ್ತಾ, ಒಂದೇ ಕೈಯಲ್ಲಿ ಕಟ್ಟಿ, ಕನಿಷ್ಠ ಹತ್ತು ಮೀಟರ್ ಹತ್ತಿರಬೇಕು. ಇದು ಬರುವುದಿಲ್ಲ ಅಂದರೆ ಅಕ್ಟೋಬರ್‌ನಲ್ಲಿ ಹೋಗಬೇಡಿ ಅಂತಲೇ ನನ್ನ ಅಭಿಪ್ರಾಯ.

ಮೂರನೆಯದು ಸಡಿಲ ಕಲ್ಲು. ಸಮುದ್ರದ ಬಂಡೆ ಉಪ್ಪುಗಾಳಿಗೆ ಸವೆಯುತ್ತಲೇ ಇರುತ್ತದೆ. ಕೊನೆಯ ಪಿಚ್ ಕಡೆ ಕೆಲವು ಹಿಡಿಗಳನ್ನು ತಟ್ಟಿ ನೋಡಿಯೇ ಹಿಡಿಯಬೇಕು. ಪೊಳ್ಳು ಸದ್ದು ಬಂದರೆ ಬಿಡಿ. ಹಿಂದಿನವರು ಬಡಿದು ಬಿಟ್ಟುಹೋದ ಕಬ್ಬಿಣದ ಪೆಗ್‌ಗಳಿದ್ದರೆ ಅವು ತುಕ್ಕು ಹಿಡಿದಿರುತ್ತವೆ, ಅವನ್ನೇ ನಂಬಬಾರದು. ಕಲ್ಲು ಸಣ್ಣದಿದ್ದರೂ ಏನು ಮಾಡಬಹುದು ಅನ್ನುವುದಕ್ಕೆ ಪಾಲ್ ಪ್ರಿಚರ್ಡ್ ಸಾಕ್ಷಿ. ಇದೇ ಗೋಗಾರ್ತ್‌ನಲ್ಲಿ ಭಯ ಹುಟ್ಟಿಸುವ ದಾರಿಗಳನ್ನು ಹತ್ತಿದವರು ಅವರು. 1998ರಲ್ಲಿ ಟಾಸ್ಮೇನಿಯಾದ ‘ಟೋಟೆಮ್ ಪೋಲ್’ ಅನ್ನುವ 65 ಮೀಟರ್ ಎತ್ತರದ, ಕಂಬದಂಥ ಸಮುದ್ರ ಬಂಡೆಯಲ್ಲಿ ಕಲ್ಲೊಂದು ತಲೆಗೆ ಬಡಿಯಿತು. ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. 2016ರಲ್ಲಿ, ಅದೇ ದೇಹದಲ್ಲಿ, ಅದೇ ಕಂಬವನ್ನು ಮತ್ತೆ ಹತ್ತಿದರು. ಅವರ ಹೆಸರು ಹೇಳುವಾಗೆಲ್ಲ ನನಗೆ ಗೌರವದಿಂದ ತಲೆ ಬಾಗುತ್ತದೆ. ಹೆಲ್ಮೆಟ್ ಅಂತೂ ಬೇಕೇ ಬೇಕು. ಒಳಾಂಗಣದಲ್ಲಿ ಹಾಕುವ ಅಭ್ಯಾಸ ಇರುವುದಿಲ್ಲ, ನೆನಪಿಟ್ಟು ಕೊಂಡೊಯ್ಯಿರಿ.

ಇನ್ನು ಮಾತು ಕೇಳಿಸದಿರುವುದು. ಗಾಳಿ, ಅಲೆಯ ನಡುವೆ ಮೂವತ್ತು ಮೀಟರ್ ಆಚೆಯ ಕೂಗು ಕೇಳುವುದಿಲ್ಲ. ಹಗ್ಗವನ್ನು ಎಷ್ಟು ಸಲ ಎಳೆದರೆ ಏನರ್ಥ ಅಂತ ಇಳಿಯುವ ಮೊದಲೇ ಮಾತಾಡಿಕೊಳ್ಳಿ. ‘ಹೇಳ್ತಾರೆ ಬಿಡು’ ಅಂತ ಕಾಯುತ್ತಾ ಬಿಲೇ ಬಿಚ್ಚಿದವರು ಇದ್ದಾರೆ.

ಈಗ ಸಾವನದುರ್ಗ. ನೀವು ನಾಚಿಕೆ ಪಟ್ಟುಕೊಂಡಿರುವ ಜಾಗ. ಅಲ್ಲಿ ಏನಾಯಿತು ಅನ್ನುವುದನ್ನು ನಾನು ಇಲ್ಲಿಂದಲೇ ಹೇಳಬಲ್ಲೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಅಡ್ಡ ಸೀಳುಗಳಿವೆ, ಕೈಗೆ ಗಟ್ಟಿ ಹಿಡಿ ಸಿಗುತ್ತದೆ, ಬೋಲ್ಟ್‌ಗಳು ಹತ್ತಿರ ಹತ್ತಿರ. ಒಳಾಂಗಣ ಗೋಡೆಗೆ ಹೊಂದಿಕೊಂಡವರಿಗೆ ಅದು ಪರಿಚಯದ ಮನೆ. ಸಾವನದುರ್ಗದ ಕರಿಗುಡ್ಡದಲ್ಲಿ ಹಿಡಿಯೇ ಇಲ್ಲ. ವಾಲಿದ ಗ್ರಾನೈಟ್ ಮೇಲೆ ಶೂವಿನ ರಬ್ಬರ್ ಅಂಟಿಕೊಂಡಿರುತ್ತದೆ ಅನ್ನುವ ನಂಬಿಕೆಯ ಮೇಲೆ ನಡೆಯಬೇಕು. ಒಂದು ಬೋಲ್ಟ್‌ನಿಂದ ಇನ್ನೊಂದಕ್ಕೆ ದೂರ ಜಾಸ್ತಿ. ಕೈಗೆ ಕೆಲಸ ಇಲ್ಲದಾಗ ಮನಸ್ಸಿಗೆ ದಿಕ್ಕು ತಪ್ಪುತ್ತದೆ.

ಆಗ ನಾವು ಮಾಡುವ ಮೊದಲ ಕೆಲಸ ಬಂಡೆಯನ್ನು ತಬ್ಬಿಕೊಳ್ಳುವುದು. ಹೆದರಿದ ಮಗು ಅಮ್ಮನನ್ನು ತಬ್ಬಿಕೊಂಡ ಹಾಗೆ. ಆದರೆ ಸ್ಲ್ಯಾಬ್‌ನಲ್ಲಿ ತಬ್ಬಿದರೆ ಸೊಂಟ ಒಳಗೆ ಹೋಗುತ್ತದೆ, ಪಾದದ ಮೇಲಿನ ಭಾರ ಬಂಡೆಯನ್ನು ಒತ್ತುವ ಬದಲು ಕೆಳಕ್ಕೆ ಜಾರಿಸೋಕೆ ಶುರು ಮಾಡುತ್ತದೆ. ನೆಟ್ಟಗೆ ನಿಂತರೆ, ಸೊಂಟ ಹೊರಗಿಟ್ಟರೆ ಪಾದ ಕಚ್ಚಿಕೊಳ್ಳುತ್ತದೆ. ಅಂದರೆ ಇಲ್ಲಿ ಭಯವೇ ಅಪಾಯವನ್ನು ಹುಟ್ಟಿಸುತ್ತದೆ. ಜೊತೆಗೆ ಉಸಿರು ಬಿಗಿಹಿಡಿಯುತ್ತೀರಿ, ತುದಿಗಾಲಲ್ಲಿ ನಿಂತು ಮೀನಖಂಡ ಸುಸ್ತಾಗಿ ಕಾಲು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತದೆ. ಅದು ಹೇಡಿತನ ಅಲ್ಲ, ಸುಸ್ತಾದ ಸ್ನಾಯು. ಹಿಮ್ಮಡಿಯನ್ನು ಕೆಳಗೆ ಬಿಡಿ, ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ, ಅರ್ಧ ನಿಮಿಷದಲ್ಲಿ ನಡುಕ ಕಡಿಮೆಯಾಗುತ್ತದೆ. ನೀವು ಇಪ್ಪತ್ತು ನಿಮಿಷ ಅಲ್ಲಿ ನಿಂತಿದ್ದಿರಿ, ಬೀಳಲಿಲ್ಲ. ನಿಮ್ಮ ಪಾದಕ್ಕೆ ಬಂಡೆಯ ಮೇಲೆ ನಿಲ್ಲುವುದು ಗೊತ್ತಿತ್ತು ಅನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಕಾ?

ಇದೇ ಸ್ಲ್ಯಾಬ್ ವಿಷಯಕ್ಕೆ ನಿಮ್ಮ ತಮ್ಮ ಕಳಿಸಿದ ವಿಡಿಯೋಗಳೂ ಬಂದು ಸೇರುತ್ತವೆ. ಅದರಲ್ಲಿ ಅಲೆಕ್ಸ್ ಹೊನಾಲ್ಡ್ ಇದ್ದೇ ಇರುತ್ತಾರೆ. 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ಫ್ರೀರೈಡರ್’ ದಾರಿಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷದಲ್ಲಿ ಹತ್ತಿದರು. ಸುಮಾರು 900 ಮೀಟರ್ ಎತ್ತರ. ಎಲ್ಲರೂ ನೋಡುವುದು ಇದನ್ನು. ಅದಕ್ಕೆ ಮುಂಚಿನ ವರ್ಷ, 2016ರಲ್ಲಿ, ಅವರು ಹಗ್ಗವಿಲ್ಲದೆ ಹೊರಟು ಅರ್ಧದಿಂದ ವಾಪಸ್ ಬಂದಿದ್ದರು. ಅವರನ್ನು ತಡೆದಿದ್ದು ಮೇಲಿನ ಭಯಂಕರ ಗೋಡೆಯಲ್ಲ. ಕೆಳಭಾಗದ ಸ್ಲ್ಯಾಬ್. ಹಿಡಿ ಇಲ್ಲದ, ಪಾದವನ್ನೇ ನಂಬಬೇಕಾದ, ನಿಮ್ಮ ಸಾವನದುರ್ಗದಂಥದೇ ಜಾಗ. ‘ಇವತ್ತು ಪಾದದ ಮೇಲೆ ನಂಬಿಕೆ ಬರುತ್ತಿಲ್ಲ’ ಅನ್ನಿಸಿದ್ದಕ್ಕೆ ಬಿಟ್ಟು ಬಂದರು. ಆಮೇಲೆ ಹಗ್ಗ ಕಟ್ಟಿಕೊಂಡು ಆ ದಾರಿಯ ಒಂದೊಂದು ಹೆಜ್ಜೆಯನ್ನೂ ಬಾಯಿಪಾಠ ಆಗುವವರೆಗೆ ಅಭ್ಯಾಸ ಮಾಡಿದರು.

ಅವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಭಯಕ್ಕೆ ಸ್ಪಂದಿಸುವ ಅಮಿಗ್ಡಲಾ ಅನ್ನುವ ಭಾಗ ಬೇರೆಯವರಿಗಿಂತ ಕಡಿಮೆ ಕೆಲಸ ಮಾಡಿತು ಅಂತ ಕಂಡುಬಂತು. ಹುಟ್ಟಿನಿಂದಲೇ ಹಾಗಾ, ವರ್ಷಗಟ್ಟಲೆ ಭಯದ ಜೊತೆ ಬಾಳಿ ಹಾಗಾಯಿತಾ ಅನ್ನುವುದನ್ನು ಒಂದು ಸ್ಕ್ಯಾನ್ ಹೇಳಲಾರದು. ನಮ್ಮ ಚಿತ್ರದುರ್ಗದ ಕೋಟೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿದಾಗಲೂ ಜನ ‘ಭಯವೇ ಇಲ್ಲ’ ಅನ್ನುತ್ತಾರೆ. ನನಗೆ ಕಾಣುವುದು ಆ ಕಲ್ಲಿನ ಜೊತೆ ಅವರಿಗಿರುವ ಒಡನಾಟ. ಮೇಲೆ ಹೇಳಿದ ಜಾನ್ ಬಾಕರ್ ಕೂಡ ದಶಕಗಳ ಕಾಲ ಹಗ್ಗವಿಲ್ಲದೆ ಹತ್ತಿದವರು. 2009ರಲ್ಲಿ ಹಾಗೆ ಹತ್ತುವಾಗಲೇ ಬಿದ್ದು ತೀರಿಕೊಂಡರು. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ. ಹಗ್ಗ ಕಟ್ಟಿಕೊಂಡು ಹೆದರುವವರನ್ನು ಹಗ್ಗವಿಲ್ಲದವರ ಜೊತೆ ಹೋಲಿಸುವುದು ಸರಿಯಲ್ಲ. ಅದು ಬೇರೆಯೇ ಬದುಕು.

ಹೋಗಬೇಕಾ ಬೇಡವಾ ಅನ್ನುವುದಕ್ಕೆ ಈಗ ಬರುತ್ತೇನೆ. ನನ್ನ ಮನಸ್ಸಿಗೆ ಹತ್ತಿರವಾದ ದಾರಿ ಮೊದಲು ಹೇಳುತ್ತೇನೆ: ಹೋಗಿ, ಆದರೆ ನೇರವಾಗಿ ಅಲ್ಲಿಗೇ ಬೇಡ. ಗೋಗಾರ್ತ್‌ಗೆ ಹೋದ ಮೊದಲ ದಿನ ಸೌತ್ ಸ್ಟ್ಯಾಕ್ ದೀಪಸ್ತಂಭದ ಹತ್ತಿರದ ಕ್ಯಾಸ್ಟೆಲ್ ಹೆಲೆನ್ ಬಂಡೆಗೆ ಹೋಗಿ. ಅಲ್ಲಿ ‘ಲೈಟ್‌ಹೌಸ್ ಅರೇಟ್’ ಅಂತ ವಿಎಸ್ 4ಸಿ ದಾರಿ ಇದೆ. ಅಲ್ಲೂ ಮೇಲಿಂದ ಇಳಿದೇ ಹತ್ತಬೇಕು. ಅಲ್ಲೂ ಕಾಲ ಕೆಳಗೆ ಸಮುದ್ರ. ಆದರೆ ಬಹುಪಾಲು ಮೇಲಕ್ಕೆ ಹೋಗುವ ದಾರಿ, ಸೆಕೆಂಡ್‌ಗೆ ಹಗ್ಗ ಮೇಲಿಂದ ಬರುತ್ತದೆ. ಅಂದರೆ ಭಯದ ಎಲ್ಲ ಸಾಮಾನೂ ಇದೆ, ಅಡ್ಡ ತೂಗುವ ಅಪಾಯ ಕಡಿಮೆ. ಆ ದಿನ ನಿಮ್ಮ ಮೈ ಏನು ಹೇಳುತ್ತದೆ ಕೇಳಿ. ಮರುದಿನದ ತೀರ್ಮಾನ ಆಗ ಮಾಡಿ. ಇದರ ತೊಂದರೆ ಒಂದೇ, ಅಕ್ಟೋಬರ್‌ನಲ್ಲಿ ಎರಡು ದಿನ ಒಣ ಹವಾಮಾನ ಸಿಗುವುದು ಅದೃಷ್ಟ. ಒಂದೇ ದಿನ ಸಿಕ್ಕರೆ ಗೆಳೆಯರು ದೊಡ್ಡದಕ್ಕೇ ಆತುರ ಮಾಡುತ್ತಾರೆ. ಆಗ ನೀವು ‘ನಾನು ಎದುರಿನ ಬಂಡೆಯ ಮೇಲೆ ನಿಂತು ನೋಡ್ತೀನಿ’ ಅನ್ನೋಕೆ ಸಿದ್ಧರಿರಬೇಕು. ಅಲ್ಲಿಂದ ಇಡೀ ಸ್ಲ್ಯಾಬ್ ಕಾಣುತ್ತದೆ, ಸೆಕೆಂಡ್ ಎಲ್ಲಿ ಏನು ಮಾಡುತ್ತಾರೆ ಅನ್ನುವುದೂ ಕಾಣುತ್ತದೆ. ನೋಡಿ ಬರುವುದೂ ಕಲಿಯುವುದೇ.

ಇನ್ನೊಂದು, ದುಡ್ಡು ಖರ್ಚಾಗುತ್ತದೆ ಆದರೆ ಮನಸ್ಸಿಗೆ ನೆಮ್ಮದಿ. ಕೇಪಲ್ ಕ್ಯೂರಿಗ್‌ನಲ್ಲಿ ಪ್ಲಾಸ್ ಇ ಬ್ರೆನಿನ್ ಅನ್ನುವ ರಾಷ್ಟ್ರೀಯ ಸಾಹಸ ಕೇಂದ್ರ ಇದೆ. ಆ ಭಾಗದಲ್ಲಿ ಅರ್ಹತೆ ಪಡೆದ ಕ್ಲೈಂಬಿಂಗ್ ಶಿಕ್ಷಕರು ಬೇಕಾದಷ್ಟು ಜನ ಸಿಗುತ್ತಾರೆ. ಒಬ್ಬರನ್ನು ಒಂದು ದಿನಕ್ಕೆ ಗೊತ್ತು ಮಾಡಿಕೊಂಡು ಪ್ರೂಸಿಕ್, ಅಡ್ಡ ದಾರಿಯ ಗೇರ್, ರ್‍ಯಾಪಲ್ ಮೂರನ್ನೇ ಕಲಿಯಿರಿ. ಅಪಾಯ ಅಂದರೆ, ಶಿಕ್ಷಕರು ಪಕ್ಕದಲ್ಲಿದ್ದಾಗ ಬಂದ ಧೈರ್ಯ ಅವರಿಲ್ಲದಾಗ ಇರುವುದಿಲ್ಲ. ಅದು ಗೊತ್ತಿದ್ದರೆ ಸಾಕು.

ಈ ಅಕ್ಟೋಬರ್‌ಗೆ ಬೇಡ ಅನ್ನಿಸಿದರೆ ಅದೂ ಸರಿಯಾದ ಉತ್ತರವೇ. ಚಳಿಗಾಲದಲ್ಲಿ ಊರಿಗೆ ಬಂದಾಗ ಸಾವನದುರ್ಗಕ್ಕೆ ಹೋಗಿ, ಆ ಎರಡನೇ ಪಿಚ್ ಕೆಳಗೆ ನಿಲ್ಲಿ. ಒಬ್ಬ ಅನುಭವಿಯ ಹಿಂದೆ ಸೆಕೆಂಡ್ ಆಗಿ, ಬರೀ ಪಾದ ನೋಡಿಕೊಂಡು ಮೂರು ಸಲ ಹತ್ತಿ. ಬೇಕಂತಲೇ ಒಂದು ಸಲ ಜಾರಿ, ಹಗ್ಗ ಹಿಡಿಯುವುದನ್ನು ಮೈಗೆ ತೋರಿಸಿ. ಒಂದು ವಿಷಯ ಮೊದಲೇ ತಿಳಿದಿರಲಿ. ಉದ್ದದ ಹಗ್ಗ ಹೊರಗಿದ್ದಾಗ ಅದು ಹಿಗ್ಗುತ್ತದೆ, 40 ಮೀಟರ್‌ಗೆ ಎರಡು ಮೂರು ಮೀಟರ್ ಕೆಳಗೆ ಹೋಗಬಹುದು. ಇದು ಗೊತ್ತಿಲ್ಲದವರು ಹಗ್ಗ ಕಿತ್ತುಹೋಯಿತು ಅಂತ ಕಿರುಚಿಕೊಳ್ಳುತ್ತಾರೆ. ಹಗ್ಗ ಮಾಡಬೇಕಾದ ಕೆಲಸವೇ ಅದು, ಹಿಗ್ಗಿ ಹೊಡೆತವನ್ನು ತಾನು ತಿನ್ನುತ್ತದೆ.

ನಾನು ಬೇಡ ಅನ್ನುವುದು ಒಂದನ್ನೇ. ತಮ್ಮ ಏನಂದಾನು, ಗೆಳೆಯರು ಬೇಜಾರಾಗ್ತಾರೆ, ಸಾವನದುರ್ಗದ ನಾಚಿಕೆ ತೊಳೆಯಬೇಕು ಅನ್ನುವ ಕಾರಣಕ್ಕೆ ಹಗ್ಗದ ಮೇಲೆ ಇಳಿಯಬೇಡಿ. ಕೆಳಗೆ ಹೋಗಿ ಹಗ್ಗ ಎಳೆದುಕೊಂಡ ಮೇಲೆ ಇವರ್‍ಯಾರೂ ಜೊತೆಗಿರುವುದಿಲ್ಲ.

ಹೋಗುವ ದಿನ ನಿಶ್ಚಯವಾದರೆ ಬ್ರಿಟಿಷ್ ಮೌಂಟನೀರಿಂಗ್ ಕೌನ್ಸಿಲ್‌ನ ಜಾಲತಾಣದಲ್ಲಿ ಆ ಬಂಡೆಯ ಪುಟ ನೋಡಿ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಗೋಗಾರ್ತ್‌ನ ಕೆಲವು ಭಾಗಗಳಿಗೆ ಹತ್ತುವವರು ಹೋಗುವಂತಿಲ್ಲ, ಆ ವಿವರ ಅಲ್ಲಿರುತ್ತದೆ. ಜೊತೆಗೆ ಸಮುದ್ರದ ಮುನ್ಸೂಚನೆ ನೋಡಿ. ಅಲೆ ಜೋರಿದ್ದರೆ ಕೆಳಗಿನ ಬಿಲೇ ಜಾಗವೇ ಒದ್ದೆಯಾಗುತ್ತದೆ, ಅಂಥ ದಿನ ಇಳಿಯಲೇಬಾರದು. ಅಕ್ಟೋಬರ್‌ನಲ್ಲಿ ಬೇಗ ಕತ್ತಲಾಗುತ್ತದೆ, ಮೂವರೂ ಹೆಡ್‌ಲ್ಯಾಂಪ್ ಇಟ್ಟುಕೊಳ್ಳಿ.

ಅಮ್ಮನ ವಿಷಯ. ಹೋಗುವ ಮುಂಚೆ ವಿಡಿಯೋ ತೋರಿಸಿ ಹೆದರಿಸಬೇಡಿ, ಹೋಗಿ ಬಂದ ಮೇಲೆ ಮುಚ್ಚಿಡಲೂ ಬೇಡಿ. ನನ್ನ ಅಮ್ಮನಿಗೆ ನಾನು ಬೆಟ್ಟಕ್ಕೆ ಹೋಗುವ ಮುಂಚೆ ಎರಡೇ ಮಾತು ಹೇಳುತ್ತಿದ್ದೆ. ಜೊತೆಗೆ ಯಾರಿದ್ದಾರೆ, ಎಷ್ಟು ಗಂಟೆಗೆ ಫೋನ್ ಮಾಡುತ್ತೇನೆ. ಆ ಗಂಟೆಯನ್ನು ಯಾವಾಗಲೂ ಒಂದು ತಾಸು ತಡವಾಗಿಯೇ ಹೇಳುತ್ತಿದ್ದೆ, ಬೇಗ ಮಾಡಿದರೆ ಅವರಿಗೆ ಖುಷಿ. ಅಲ್ಲಿನ ಸಂಜೆ ಆರು ಅಂದರೆ ಅಕ್ಟೋಬರ್‌ನ ಹೆಚ್ಚು ದಿನ ಇಲ್ಲಿ ರಾತ್ರಿ ಹತ್ತೂವರೆ. ಅಮ್ಮ ಮಲಗದೆ ಕಾಯುತ್ತಿರುತ್ತಾರೆ. ಬಂಡೆಯ ಮೇಲ್ಭಾಗಕ್ಕೆ ಬಂದು, ಹಗ್ಗ ಬಿಚ್ಚಿ, ಗೆಳೆಯರನ್ನು ತಬ್ಬಿಕೊಳ್ಳುವ ಮುಂಚೆ ಸಿಗ್ನಲ್ ಇದೆಯಾ ನೋಡಿ ಫೋನ್ ಮಾಡಿಬಿಡಿ.